ಕಣ್ಣು ಕಾಣದಿದ್ದರೂ ಲೆಕ್ಕ ಬಿಡದ ಆಯ್ಲರ್

ಮಕ್ಕಳೇ, 13 ಅವಿಭಾಜ್ಯ ಸಂಖ್ಯೆ, 15 ಸಂಯುಕ್ತ ಸಂಖ್ಯೆ ಎಂದು ನೀವು ತಟ್ಟನೆ ಹೇಳುತ್ತೀರಿ. 2,14,74,83,647 ಯಾವ ಗುಂಪಿಗೆ ಸೇರುತ್ತದೆ? ಗಣಕಯಂತ್ರವಿಲ್ಲದ ಕಾಲದಲ್ಲಿ ಇದಕ್ಕೆ ಉತ್ತರ ಕಂಡುಹಿಡಿದವರು ಲಿಯೊನಾರ್ಡ್ ಆಯ್ಲರ್.

ಆಯ್ಲರ್ 1707ರ ಏಪ್ರಿಲ್ 15ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜನಿಸಿದರು. ತಂದೆ ಪಾದ್ರಿ. ಮಗನೂ ಪಾದ್ರಿಯಾಗಲಿ ಎಂಬುದು ಅವರ ಆಸೆ. ಆದರೆ ಹುಡುಗನ ಜಾಣ್ಮೆಯನ್ನು ಕಂಡ ಗಣಿತಜ್ಞ ಯೋಹಾನ್ ಬರ್ನೂಲಿ ತಂದೆಯ ಮನವೊಲಿಸಿದರು. 1727ರಲ್ಲಿ ಆಯ್ಲರ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ ಅಲ್ಲಿನ ವಿಜ್ಞಾನ ಅಕಾಡೆಮಿಯನ್ನು ಸೇರಿದರು.

ಈಗ 3, 5, 17, 257, 65,537 ಎಂಬ ಸಾಲನ್ನು ಗಮನಿಸಿ. ಒಂದು ಸಂಖ್ಯೆಯಿಂದ 1 ಕಳೆಯಿರಿ. ಬಂದದ್ದನ್ನು ಅದರಿಂದಲೇ ಗುಣಿಸಿ 1 ಕೂಡಿಸಿ. ಮುಂದಿನ ಸಂಖ್ಯೆ ಸಿಗುತ್ತದೆ. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಸಾಲಿನಲ್ಲಿ ಮುಂದೆ ಬರುವವೂ ಹಾಗೆಯೇ ಇರುತ್ತವೆ ಎಂದು ಫ್ರಾನ್ಸಿನ ಹೆಸರಾಂತ ಗಣಿತಜ್ಞ ಫರ್ಮಾ ನಂಬಿದ್ದರು. ಆದರೆ ಆರನೆಯ ಸಂಖ್ಯೆ 4,29,49,67,297 ಅನ್ನು 641ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ ಎಂದು ಆಯ್ಲರ್ 1732ರಲ್ಲಿ ತೋರಿಸಿದರು. ಭಾಗಲಬ್ಧ 67,00,417. ನೀವೂ ಗುಣಿಸಿ ನೋಡಿ. ಐದು ಉದಾಹರಣೆಗಳು ಸರಿ ಬಂದವೆಂದು ಆರನೆಯದನ್ನು ಪರೀಕ್ಷಿಸದೆ ಒಪ್ಪಬಾರದು, ಅಲ್ಲವೇ?

1738ರಲ್ಲಿ ಆಯ್ಲರ್ ಅವರ ಬಲಗಣ್ಣಿನ ದೃಷ್ಟಿ ಹೋಯಿತು. ಮುಂದೆ ಎಡಗಣ್ಣಿಗೂ ಪೊರೆ ಬಂತು. 1771ರಲ್ಲಿ ಮಾಡಿದ ಶಸ್ತ್ರಚಿಕಿತ್ಸೆ ಕೊನೆಗೆ ಫಲ ಕೊಡಲಿಲ್ಲ. ಅದೇ ವರ್ಷ ಅವರ ಮನೆ ಬೆಂಕಿಗೆ ಆಹುತಿಯಾಯಿತು. ಆದರೂ ಅವರು ಕೆಲಸ ನಿಲ್ಲಿಸಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಮಾಡಿ, ಮಕ್ಕಳಿಗೂ ಸಹಾಯಕರಿಗೂ ಹೇಳಿ ಬರೆಸುತ್ತಿದ್ದರು.

ಮೊದಲು ಕೇಳಿದ ಪ್ರಶ್ನೆಗೆ ಅವರು ಉತ್ತರ ಕಂಡುಕೊಂಡದ್ದು 1772ರ ಹೊತ್ತಿಗೆ. 2ನ್ನು 31 ಬಾರಿ ಬರೆದು ಗುಣಿಸಿ 1 ಕಳೆದರೆ ಸಿಗುವುದೇ 2,14,74,83,647. ಅಪವರ್ತನಗಳು ಜೋಡಿಯಾಗಿ ಬರುವುದರಿಂದ 46,340ರವರೆಗೆ ಹುಡುಕಿದರೆ ಸಾಕು. ಅಷ್ಟರೊಳಗೇ ಸುಮಾರು 4,800 ಅವಿಭಾಜ್ಯ ಸಂಖ್ಯೆಗಳಿವೆ! ಎಲ್ಲದರಿಂದಲೂ ಭಾಗಿಸುವುದು ಸುಲಭವೇ? ಇದರ ಅವಿಭಾಜ್ಯ ಅಪವರ್ತನವನ್ನು 31ರ ಎರಡರಷ್ಟಾದ 62ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು ಎಂಬ ನಿಯಮ ಆಯ್ಲರ್‌ಗೆ ಗೊತ್ತಿತ್ತು. ಹೀಗೆ ಬಹುಪಾಲು ಭಾಗಾಕಾರ ಉಳಿಯಿತು. ಉಳಿದ ಯಾವ ಸಂಖ್ಯೆಯೂ ನಿಶ್ಶೇಷವಾಗಿ ಭಾಗಿಸಲಿಲ್ಲ. ಅದು ಅವಿಭಾಜ್ಯವೆಂದು ಖಚಿತವಾಯಿತು. ಅದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ 75 ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ತಿಳಿದಿರಲಿಲ್ಲ.

1783ರ ಸೆಪ್ಟೆಂಬರ್ 18ರಂದು, ತಮ್ಮ 76ನೆಯ ವಯಸ್ಸಿನಲ್ಲಿ ಆಯ್ಲರ್ ನಿಧನರಾದರು. ಅಂದೂ ಅವರು ಲೆಕ್ಕ ಮಾಡುತ್ತಿದ್ದರು.

ಮಾಡಿ ನೋಡಿ: 2ನ್ನು 11 ಬಾರಿ ಬರೆದು ಗುಣಿಸಿ 1 ಕಳೆದರೆ 2,047. ಇದು ಅವಿಭಾಜ್ಯವೇ? ಆಯ್ಲರ್ ದಾರಿಯಲ್ಲೇ ಹೋಗಿ. 11ರ ಎರಡರಷ್ಟು 22. ಅದಕ್ಕೆ 1 ಕೂಡಿಸಿ, ಬಂದ ಸಂಖ್ಯೆಯಿಂದ ಭಾಗಿಸಿ.