ಎರೆಹುಳುವಿನ ಚರಿತ್ರಕಾರ ಚಾರ್ಲ್ಸ್ ಡಾರ್ವಿನ್

ಚಾರ್ಲ್ಸ್ ಡಾರ್ವಿನ್ನನ ಹೆಸರು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ವಾನರ. ಮಾನವನಿಗೂ ವಾನರನಿಗೂ ಮೂಲಪುರುಷರು ಒಂದೇ ಎಂದು ಸಾರಿ ಲೋಕದ ಕೋಪಕ್ಕೂ ಮೆಚ್ಚಿಕೆಗೂ ಪಾತ್ರನಾದ ಆ ಪಂಡಿತನ ಕಥೆ ಹಲವು ಸಲ ಅಚ್ಚಾಗಿದೆ. ಅದನ್ನೇ ಮತ್ತೊಮ್ಮೆ ಹೇಳುವ ಉದ್ದೇಶ ನಮಗಿಲ್ಲ. ಅದೇ ಪಂಡಿತನು ತನ್ನ ಯೌವನದಿಂದ ಮರಣದ ಹೊಸ್ತಿಲವರೆಗೆ, 44 ವರ್ಷಗಳ ಕಾಲ, ಮನಸ್ಸಿನಲ್ಲಿ ಇರಿಸಿಕೊಂಡಿದ್ದ ಮತ್ತೊಂದು ಪ್ರಾಣಿಯಿದೆ. ಅದು ಮೊದಲ ಮಳೆಗೆ ನಮ್ಮೂರಿನ ಅಂಗಳದಲ್ಲಿ ಹರಿದಾಡುವ ಎರೆಹುಳು. ದಿನವೂ ಎಂಜಲೆಲೆ, ತರಕಾರಿ ಸಿಪ್ಪೆ, ಕಾಫಿ ಚರಟಗಳನ್ನು ಬುಟ್ಟಿಗಟ್ಟಲೆ ಹೊರಹಾಕುವ ಉದ್ಯೋಗದಲ್ಲಿರುವ ನಮ್ಮ ವಾಚಕರಿಗೆ ಈ ಕಥೆ ರುಚಿಸೀತೆಂದು ನಂಬಿದ್ದೇವೆ.

ಡಾರ್ವಿನ್ನನು ಹುಟ್ಟಿದ್ದು 1809ರ ಫೆಬ್ರುವರಿ 12ರಂದು, ಇಂಗ್ಲೆಂಡಿನ ಶ್ರೂಸ್ಬರಿ ಪಟ್ಟಣದಲ್ಲಿ. ತಂದೆ ಹೆಸರಾಂತ ವೈದ್ಯ. ತಾಯಿ ಪಿಂಗಾಣಿ ಪಾತ್ರೆಗಳಿಗೆ ಪ್ರಸಿದ್ಧರಾದ ವೆಜ್‌ವುಡ್ ಮನೆತನದವಳು. ವೈದ್ಯವಿದ್ಯೆ ಕಲಿಯಲೆಂದು ಎಡಿನ್‌ಬರೋಗೆ ಹೋದ ಹುಡುಗನು ಶಸ್ತ್ರಚಿಕಿತ್ಸೆಯ ರಕ್ತವನ್ನು ಕಂಡು ಹೇಸಿ ಹಿಂದಿರುಗಿದನು. ಪಾದ್ರಿಯಾಗಲೆಂದು ಕೇಂಬ್ರಿಜ್ಜಿಗೆ ಕಳುಹಿದರೆ ಜೀರುಂಡೆಗಳನ್ನು ಹಿಡಿಯುತ್ತ ಕಾಲ ಕಳೆದನು. 1831ರ ಕೊನೆಯಲ್ಲಿ ಬೀಗಲ್ ಎಂಬ ಹಡಗನ್ನೇರಿ ಐದು ವರ್ಷ ಲೋಕವನ್ನು ಸುತ್ತಿದನು. ಆತನ ಕೀರ್ತಿಗೆ ತಳಹದಿಯಾದ ಆ ಯಾತ್ರೆಯನ್ನು ನಾವಿಲ್ಲಿ ಒಂದೇ ಮಾತಿನಲ್ಲಿ ದಾಟುತ್ತೇವೆ.

ಯಾತ್ರೆ ಮುಗಿದ ಮರುವರ್ಷ, 1837ರಲ್ಲಿ, ಡಾರ್ವಿನ್ನನು ಮೇಯರ್ ಎಂಬಲ್ಲಿದ್ದ ಸೋದರಮಾವ ಜೊಸಾಯ ವೆಜ್‌ವುಡ್ಡನ ಮನೆಗೆ ಹೋದನು. ಮಾವನು ಅಳಿಯನನ್ನು ಹುಲ್ಲುಗಾವಲಿಗೆ ಕರೆದೊಯ್ದು ಒಂದು ವಿಚಿತ್ರವನ್ನು ತೋರಿಸಿದನು. ಹತ್ತು ವರ್ಷಗಳ ಹಿಂದೆ ನೆಲದ ಮೇಲೆ ಹರಡಿದ್ದ ಸುಣ್ಣ ಈಗ ಮೇಲೆಲ್ಲೂ ಕಾಣಿಸದು. ಅಗೆದು ನೋಡಿದರೆ ಹಲವು ಅಂಗುಲಗಳ ಕೆಳಗೆ ಬಿಳಿಯ ಪದರವಾಗಿ ಕುಳಿತಿದೆ. ಅದನ್ನು ಹೂತವರಾರು? ಎರೆಹುಳುಗಳೇ ಇರಬೇಕೆಂದು ಮಾವನ ಊಹೆ. ಅವು ಕೆಳಗಿನ ಮಣ್ಣನ್ನು ನುಂಗಿ ಮೇಲೆ ಬಂದು ಹಿಕ್ಕೆ ಹಾಕುತ್ತವೆ. ಹಿಕ್ಕೆ ಏರಿದಂತೆ ಸುಣ್ಣ ಇಳಿಯುತ್ತದೆ. ಅದೇ ನವೆಂಬರಿನಲ್ಲಿ ಡಾರ್ವಿನ್ನನು ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಈ ವಿಷಯವಾಗಿ ಪ್ರಬಂಧವನ್ನು ಓದಿದನು. 1839ರಲ್ಲಿ ಆ ಮಾವನ ಮಗಳಾದ ಎಮ್ಮಳನ್ನೇ ವರಿಸಿದನು. ನಮ್ಮ ಕಡೆ ಸೋದರಮಾವನ ಮಗಳನ್ನು ಲಗ್ನವಾಗುವವರಿಗೆ ಇದೇನೂ ಹೊಸದಲ್ಲ. ಆದರೆ ಮಾವನ ಮನೆಯಿಂದ ಹೆಣ್ಣನ್ನೂ ಎರೆಹುಳುವನ್ನೂ ಜೊತೆಗೆ ತಂದವನು ಈತನೊಬ್ಬನೇ ಇರಬೇಕು.

1842ರಲ್ಲಿ ದಂಪತಿಗಳು ಕೆಂಟ್ ಸೀಮೆಯ ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಆ ವರ್ಷದ ಡಿಸೆಂಬರಿನಲ್ಲಿಯೇ ಡಾರ್ವಿನ್ನನು ಮನೆಯ ಬಳಿಯ ಹೊಲದ ಒಂದು ಭಾಗದಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, ಕಾಯುತ್ತ ಕುಳಿತನು. ಕಾದದ್ದು ಒಂದೆರಡು ವರ್ಷವಲ್ಲ, 29 ವರ್ಷ! ದಂಪತಿಗಳಿಗೆ ಒಟ್ಟು ಹತ್ತು ಮಕ್ಕಳು ಹುಟ್ಟಿದರು. ಮೂವರು ಎಳವೆಯಲ್ಲಿಯೇ ತೀರಿದರು. ಅವರಲ್ಲಿ ಹತ್ತು ವರ್ಷದ ಆ್ಯನಿ 1851ರಲ್ಲಿ ಅಗಲಿದ ದುಃಖದಿಂದ ತಂದೆ ಕೊನೆಯವರೆಗೂ ಚೇತರಿಸಿಕೊಳ್ಳಲಿಲ್ಲ. ವೈದ್ಯರಿಗೆ ಬಗೆಹರಿಯದ ವ್ಯಾಧಿಯೊಂದು ಆತನನ್ನೂ ದಶಕಗಳ ಕಾಲ ವಾಂತಿ, ನಿಶ್ಶಕ್ತಿಗಳಿಂದ ಕಾಡಿತು. ದಿನಕ್ಕೆ ಕೆಲವೇ ಗಂಟೆ ದುಡಿಯುವ ಶಕ್ತಿಯಿದ್ದ ಆತನು 1859ರಲ್ಲಿ ಜೀವಜಾತಿಗಳ ಉಗಮವನ್ನು ಕುರಿತ ಮಹಾಗ್ರಂಥವನ್ನು ಹೊರತಂದನು. ಪಿತ್ರಾರ್ಜಿತ ಆಸ್ತಿಯಿದ್ದುದರಿಂದ ಹೊಟ್ಟೆಪಾಡಿಗಾಗಿ ನೌಕರಿಗೆ ನಿಲ್ಲಬೇಕಾಗಿರಲಿಲ್ಲವೆಂಬುದನ್ನೂ ಮರೆಯಬಾರದು. ನಮ್ಮ ನಿಮ್ಮಂಥವರಿಗೆ 29 ವರ್ಷ ಕಾಯುವ ಸೌಕರ್ಯವೆಲ್ಲಿಯದು?

1871ರ ನವೆಂಬರಿನಲ್ಲಿ ಆ ಹೊಲಕ್ಕೆ ಅಡ್ಡಲಾಗಿ ಕಾಲುವೆ ತೋಡಿಸಿ ನೋಡಿದಾಗ ಸೀಮೆಸುಣ್ಣವು ಏಳು ಅಂಗುಲ ಕೆಳಗೆ ಸಿಕ್ಕಿತು. ಪಕ್ಕದಲ್ಲಿ ಮತ್ತೊಂದು ಹೊಲವಿತ್ತು. ಮಕ್ಕಳು ಇಳಿಜಾರಿನಲ್ಲಿ ಓಡಿದರೆ ಕಲ್ಲುಗಳು ಖಣಖಣಿಸುವಷ್ಟು ಒರಟು ನೆಲವದು. ಮೂವತ್ತು ವರ್ಷ ಕಳೆದ ಮೇಲೆ ಕುದುರೆ ನಾಗಾಲೋಟದಲ್ಲಿ ದಾಟಿದರೂ ಗೊರಸಿಗೆ ಒಂದು ಕಲ್ಲೂ ತಗಲದಂತಾಯಿತು. ಕಲ್ಲುಗಳೆಲ್ಲ ನೆಲದೊಳಗೆ ಇಳಿದುಹೋಗಿದ್ದವು.

ಇಷ್ಟಾದರೂ ಒಪ್ಪದವರಿದ್ದರು. 1869ರಲ್ಲಿ ಒಬ್ಬ ವಿಮರ್ಶಕನು, ಅಷ್ಟು ದುರ್ಬಲವಾದ ಹುಳುವಿನಿಂದ ಇಷ್ಟು ದೊಡ್ಡ ಕೆಲಸವಾಗುವುದು ಅಸಂಭವವೆಂದು ಬರೆದನು. ಡಾರ್ವಿನ್ನನಿಗೆ ಇದು ನಾಟಿತು. ಜೀವಜಾತಿಗಳ ವಿಷಯದಲ್ಲಿಯೂ ಆತನಿಗೆ ಬಂದಿದ್ದ ಆಕ್ಷೇಪ ಇದೇ ತೆರನಾದುದು: ಸಣ್ಣ ಸಣ್ಣ ಬದಲಾವಣೆಗಳು ಕೂಡಿ ಏನು ಮಾಡಿಯಾವು ಎಂಬುದು. ಹುಳು ಸೋತರೆ ತಾನೂ ಸೋತಂತೆ ಎಂದು ಆತನು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ವೃದ್ಧಾಪ್ಯದಲ್ಲಿ ಆತನು ತನ್ನ ಓದುವ ಕೋಣೆಯಲ್ಲಿ ಮಣ್ಣಿನ ಕುಂಡಗಳನ್ನಿರಿಸಿ ಹುಳುಗಳನ್ನು ಸಾಕಿದನು. ಮನೆಮಂದಿಗೆಲ್ಲ ಕೆಲಸ ಹಚ್ಚಿದನು. ಮಗ ಫ್ರಾನ್ಸಿಸನು, ನಮ್ಮ ನಾಗಸ್ವರದ ದೂರದ ಬಂಧುವೆನ್ನಬಹುದಾದ ಬಸೂನ್ ಎಂಬ ವಾದ್ಯವನ್ನು ಅವುಗಳೆದುರು ಊದಿದನು. ಎಮ್ಮ ಪಿಯಾನೋ ನುಡಿಸಿದಳು. ಹುಳುಗಳು ಕದಲಲಿಲ್ಲ. ಆದರೆ ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ಒಂದು ಸ್ವರವನ್ನು ಒತ್ತಿದೊಡನೆ ಬಿಲ ಸೇರಿದವು! ಕಿವಿಯಿಲ್ಲ, ಅದುರು ಮಾತ್ರ ತಿಳಿಯುತ್ತದೆಂದು ನಿಶ್ಚಯವಾಯಿತು. ಎಲೆಕೋಸು, ಈರುಳ್ಳಿಗಳ ಚೂರುಗಳನ್ನು ಮಣ್ಣಿನಲ್ಲಿ ಹೂತಿಟ್ಟರೂ ವಾಸನೆ ಹಿಡಿದು ಹುಡುಕಿ ತಿಂದವು. ಬಿಲದ ಬಾಯಿಯನ್ನು ಮುಚ್ಚಲು ಎಲೆಗಳನ್ನು ಹೇಗೆ ಎಳೆಯುತ್ತವೆಂದು ಎಣಿಸಿದಾಗ 227 ಎಲೆಗಳಲ್ಲಿ 181ನ್ನು ತುದಿ ಹಿಡಿದೇ ಎಳೆದಿದ್ದವು. ತುದಿ ಕಿರಿದು, ಸುಲಭವಾಗಿ ಒಳಸೇರುತ್ತದೆ. ಕಾಗದದ ತ್ರಿಕೋನಗಳನ್ನು ಕತ್ತರಿಸಿ ಹಾಕಿದರೂ ನೂರಕ್ಕೆ 62ರಂತೆ ಚೂಪು ಕೋನವನ್ನೇ ಆರಿಸಿದವು. ಹುಳುವಿಗೂ ಅಲ್ಪಸ್ವಲ್ಪ ಬುದ್ಧಿಯಿದೆಯೆಂದು ಡಾರ್ವಿನ್ನನು ತೀರ್ಮಾನಿಸಿದನು.

1877ರಲ್ಲಿ, 68ನೆಯ ವಯಸ್ಸಿನಲ್ಲಿ, ಸ್ಟೋನ್‌ಹೆಂಜಿನ ಪುರಾತನ ಶಿಲೆಗಳು ಎಷ್ಟು ಹೂತಿವೆಯೆಂದು ನೋಡಲು ಪ್ರಯಾಣ ಮಾಡಿದನು. ನಮ್ಮ ದೇಶದಿಂದಲೂ ಸಾಮಗ್ರಿ ಹೋಯಿತು. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಗೋಪುರದಾಕಾರವಾಗಿ ಎದ್ದಿದ್ದ ಹಿಕ್ಕೆಯ ಚಿತ್ರವೂ, ಮೈಸೂರು ಸೀಮೆಗೆ ತಾಗಿಕೊಂಡಿರುವ ನೀಲಗಿರಿಯ ಹಿಕ್ಕೆಯ ಚಿತ್ರವೂ ಆತನ ಪುಸ್ತಕದಲ್ಲಿವೆ. 1881ರ ಅಕ್ಟೋಬರಿನಲ್ಲಿ ಆ ಪುಸ್ತಕ ಹೊರಬಂದು ಕೆಲವೇ ತಿಂಗಳಲ್ಲಿ ಸಾವಿರಾರು ಪ್ರತಿಗಳು ಖರ್ಚಾದವು. ಇಂಗ್ಲೆಂಡಿನ ಎಷ್ಟೋ ಕಡೆ ಎಕರೆಯೊಂದಕ್ಕೆ ವರ್ಷಕ್ಕೆ ಹತ್ತು ಟನ್ನಿಗೂ ಮಿಕ್ಕಿದ ಮಣ್ಣು ಎರೆಹುಳುವಿನ ಹೊಟ್ಟೆಯ ಮೂಲಕ ಹಾದುಹೋಗುತ್ತದೆಂಬುದು ಅದರ ಲೆಕ್ಕ.

ಡಾರ್ವಿನ್ನನು ಕೈಹಾಕದೆ ಬಿಟ್ಟ ಒಂದು ಅಧ್ಯಾಯವನ್ನು ಮುಂದಿನವರು ಬರೆದರು. ಕೊಳೆಯುವ ಕಸದಲ್ಲಿ ಎರೆಹುಳು ಒಂಟಿಯಲ್ಲ. ದಾರದ ಎಳೆಗಿಂತ ಸಣ್ಣದಾದ, ಸೂಕ್ಷ್ಮದರ್ಶಕವಿಲ್ಲದೆ ಕಾಣದಂಥ ದುಂಡುಹುಳುಗಳು ಅಲ್ಲಿ ಅಸಂಖ್ಯ. ತಿಪ್ಪೆ ಹೊಸದಾಗಿರುವಾಗ ಬ್ಯಾಕ್ಟೀರಿಯಗಳನ್ನು ತಿನ್ನುವ ದುಂಡುಹುಳುಗಳು ಹೆಚ್ಚುತ್ತವೆ. ಹಳತಾದಂತೆ ಬೂಷ್ಟನ್ನು ತಿನ್ನುವವೂ ಸೇರುತ್ತವೆ. ಇಂಥ ಕಸಕ್ಕೆ ಎರೆಹುಳುವನ್ನು ಬಿಟ್ಟಾಗ ಬ್ಯಾಕ್ಟೀರಿಯ ತಿನ್ನುವ ದುಂಡುಹುಳುಗಳ ಸಂಖ್ಯೆ ತಗ್ಗುವುದನ್ನು ಹಲವು ಪ್ರಯೋಗಗಳಲ್ಲಿ ಕಂಡಿದ್ದಾರೆ. ಕಸದೊಡನೆ ಅವನ್ನೂ ನುಂಗಿಬಿಡುವುದು ಒಂದು ಕಾರಣ. ಅವುಗಳ ಆಹಾರವಾದ ಬ್ಯಾಕ್ಟೀರಿಯಗಳಿಗೆ ತಾನೂ ಪಾಲುದಾರನಾಗುವುದು ಇನ್ನೊಂದು. ಆದರೆ ಎಲ್ಲೆಡೆ ಒಂದೇ ಫಲವಲ್ಲ. ಕಸ ಯಾವುದು, ಹುಳು ಯಾವ ಜಾತಿಯದು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಟೊಮೆಟೊ ಮೊದಲಾದ ಗಿಡಗಳ ಬೇರಿನಲ್ಲಿ ಗಂಟು ಕಟ್ಟಿಸುವ ದುಷ್ಟ ದುಂಡುಹುಳುಗಳ ಹಾವಳಿ ಎರೆಗೊಬ್ಬರ ಹಾಕಿದಲ್ಲಿ ಕಡಿಮೆಯಾದ ನಿದರ್ಶನಗಳಿರುವುದರಿಂದ ರೈತರಿಗೂ ಇದು ಬೇಕಾದ ವಿಷಯ. ಬಿಸಿಯೇರಿ ಹಬೆಯಾಡುವ ತಿಪ್ಪೆಯಲ್ಲಿ ಎರೆಹುಳು ಬದುಕಲಾರದು. ಉಪ್ಪು, ಎಣ್ಣೆ ಬೆರೆತ ಮುಸುರೆಯೂ ಅದಕ್ಕೆ ಆಗದು. ಗೊಬ್ಬರಕ್ಕಾಗಿ ಸಾಕುವ ಹುಳುವು ಮೇಲ್ಪದರದ ಕಸದಲ್ಲಿಯೇ ಬಾಳುವಂಥದು. ಡಾರ್ವಿನ್ನನ ಕುಂಡಗಳಲ್ಲಿ ಎಲೆ ಎಳೆದದ್ದು ನೆಲದೊಳಗೆ ಬಿಲ ತೋಡುವ ಬೇರೆ ಜಾತಿ.

ಪುಸ್ತಕ ಅಚ್ಚಿನಲ್ಲಿದ್ದಾಗಲೇ, 1881ರ ಆಗಸ್ಟಿನಲ್ಲಿ, ಡಾರ್ವಿನ್ನನ ಅಣ್ಣ ಎರಾಸ್ಮಸನು ತೀರಿಕೊಂಡನು. ಅವನನ್ನು ಡೌನ್ ಹಳ್ಳಿಯ ಚರ್ಚಿನ ಅಂಗಳದಲ್ಲಿ ಹೂತರು. ತಾನೂ ಅಲ್ಲಿಯೇ, ತನ್ನ ಹುಳುಗಳ ನೆಲದಲ್ಲಿಯೇ, ಮಲಗುವೆನೆಂದು ಡಾರ್ವಿನ್ನನು ಎಣಿಸಿದ್ದನು. 1882ರ ಏಪ್ರಿಲ್ 19ರಂದು ಆತನ ಹೃದಯ ನಿಂತಿತು. ಆದರೆ ಮಿತ್ರರೂ ಪಾರ್ಲಿಮೆಂಟಿನ ಸದಸ್ಯರೂ ಒತ್ತಾಯಪಡಿಸಿದ್ದರಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಲ್ಲುಹಾಸಿನ ಕೆಳಗೆ ಆತನನ್ನು ಇರಿಸಿದರು. 1896ರಲ್ಲಿ ತೀರಿಕೊಂಡ ಎಮ್ಮಳಿಗೆ ಮಾತ್ರ ಡೌನಿನ ಮಣ್ಣು ದೊರೆಯಿತು.