ಶಾಸನಗಳಿಗೆ ಲೆಕ್ಕವಿಟ್ಟ ಬಿ. ಎಲ್. ರೈಸ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯೆಂದರೆ ತೆಂಗಿನ ಸೀಮೆಯೆಂದು ನಾಡೆಲ್ಲ ಬಲ್ಲದು. ಅದು ಶಾಸನಗಳ ಸೀಮೆಯೂ ಹೌದೆಂಬುದು ಅಷ್ಟಾಗಿ ಜನರ ನೆನಪಿನಲ್ಲಿಲ್ಲ. ಅರಳಗುಪ್ಪೆಯ ಕಲ್ಲೇಶ್ವರ, ತುರುವೇಕೆರೆಯ ಚೆನ್ನಕೇಶವ, ಶೆಟ್ಟಿಕೆರೆಯ ಯೋಗಮಾಧವ ಮೊದಲಾದ ದೇವಾಲಯಗಳು ಗಂಗ, ನೊಳಂಬ, ಹೊಯ್ಸಳರ ಕಾಲವನ್ನು ಇಂದಿಗೂ ನೆನಪಿಸುತ್ತವೆ. ಈ ಸೀಮೆಯ ಗುಡಿಯಂಗಳಗಳಲ್ಲಿ, ಕೆರೆಯೇರಿಗಳ ಬಳಿ, ಹೊಲತೋಟಗಳ ಬದುಗಳಲ್ಲಿ ನಿಂತಿದ್ದ ಬರಹದ ಕಲ್ಲುಗಳಿಗೆ ಒಂದೊಂದು ಅಂಕಿಯೂ ಒಂದೊಂದು ವಿಳಾಸವೂ ದೊರೆತದ್ದು 1904ರಲ್ಲಿ, ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವಾದ ತುಮಕೂರು ಜಿಲ್ಲೆಯ ಹೊತ್ತಗೆಯಲ್ಲಿ. ಆ ಕೆಲಸವನ್ನು ಮಾಡಿಸಿದವರು ಬೆಂಜಮಿನ್ ಲೂಯಿಸ್ ರೈಸ್.

ರೈಸರು ಪರದೇಶದ ವಂಶದವರಾದರೂ ಹುಟ್ಟಿನಿಂದ ಕನ್ನಡನಾಡಿನವರು. 1837ರ ಜುಲೈ 17ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಅವರ ಹೆಸರಿನದೇ. ಮಗ ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿ, 1860ರಲ್ಲಿ ಮರಳಿ ಬಂದು, ಮುಂದೆ ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧವಾದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ತರುವಾಯ ಮೈಸೂರು ಮತ್ತು ಕೊಡಗು ಪ್ರಾಂತಗಳ ಶಾಲೆಗಳ ತನಿಖಾಧಿಕಾರಿಯಾಗಿ, ವಿದ್ಯಾ ಇಲಾಖೆಯ ನಿರ್ದೇಶಕರಾಗಿ ಊರೂರು ಸುತ್ತಿದರು. ಶಾಲೆಗಳನ್ನು ನೋಡಲು ಹೋದ ಅಧಿಕಾರಿಯ ಕಣ್ಣು ಊರ ಮುಂದಣ ಕಲ್ಲುಗಳ ಮೇಲೂ ಬಿತ್ತು.

ಆಗ ಆ ಕಲ್ಲುಗಳ ಗತಿ ಕೇಳುವವರಿರಲಿಲ್ಲ. ಅಕ್ಷರಗಳು ಹಳೆಯವು, ಭಾಷೆ ಹಳಗನ್ನಡ, ಎದುರಿಗೆ ನಿಂತವನಿಗೆ ಕಲ್ಲು ಬರಿಯ ಕಲ್ಲು. ಚಪ್ಪಡಿಯಾಗಿಯೋ ಅಡಿಪಾಯವಾಗಿಯೋ ಅದು ಒಮ್ಮೆ ಮರೆಯಾದರೆ, ಒಂದು ಕೆರೆಯನ್ನು ಕಟ್ಟಿಸಿದವನ ಹೆಸರು, ತುರುಗಳನ್ನು ಕಾಯಲು ಹೋಗಿ ಮಡಿದ ವೀರನ ಹೆಸರು ಅದರೊಡನೆಯೇ ಅಳಿಯುತ್ತಿತ್ತು. ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರಲ್ಲಿ ತೆಗೆದ ಶಾಸನಗಳ ಛಾಯಾಚಿತ್ರಗಳು ರೈಸರ ಕೈಸೇರಿದವು. ಅವನ್ನು ಓದಿ, ಅರ್ಥ ಬಿಡಿಸಿ, 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವನ್ನು ಹೊರತಂದರು. ಮೈಸೂರು ಸಂಸ್ಥಾನದಲ್ಲಿ ಪ್ರಾಚ್ಯವಸ್ತು ಇಲಾಖೆ ಏರ್ಪಟ್ಟಾಗ ಅದರ ಹೊಣೆಯೂ ಅವರಿಗೇ ಬಂದಿತು. 1886ರಲ್ಲಿ ಕೊಡಗಿನ ಸಂಪುಟದೊಡನೆ ಆರಂಭವಾದ ‘ಎಪಿಗ್ರಾಫಿಯ ಕರ್ನಾಟಿಕ’ ಇಪ್ಪತ್ತು ವರ್ಷಗಳೊಳಗೆ 12 ಸಂಪುಟಗಳಾಗಿ ಬೆಳೆದು, ಸುಮಾರು 9,000 ಶಾಸನಗಳನ್ನು ಒಳಗೊಂಡಿತು.

ಓದಿದವರು ರೈಸರೊಬ್ಬರೇ ಅಲ್ಲ. ಅವರೊಡನೆ ದುಡಿದ ಪಂಡಿತರ ಪಾಲು ದೊಡ್ಡದು. ಆದರೆ ಓದಿದುದನ್ನು ಹೇಗೆ ಇಡಬೇಕೆಂಬ ವಿವೇಕ ರೈಸರದು. ಆ ಏರ್ಪಾಡನ್ನು ಕೊಂಚ ಗಮನಿಸಬೇಕು. ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಅಂಕಿ. ಶಾಸನವಿರುವ ಹಳ್ಳಿ, ಹೋಬಳಿ, ಕಲ್ಲು ನಿಂತಿರುವ ತಾಣ ಇವು ಒಂದು ಕಡೆ. ಮೂಲಪಾಠ ಕನ್ನಡ ಲಿಪಿಯಲ್ಲಿ ಒಂದು ಭಾಗ, ರೋಮನ್ ಲಿಪಿಯಲ್ಲಿ ಇನ್ನೊಂದು ಭಾಗ, ಇಂಗ್ಲಿಷ್ ಅನುವಾದ ಬೇರೊಂದು ಭಾಗ. ಕಾಲಾನುಕ್ರಮದ ಪಟ್ಟಿಯೇ ಬೇರೆ; ಇತಿಹಾಸದ ಬಗೆಗೆ ಸಂಪಾದಕರ ಅಭಿಪ್ರಾಯವೆಲ್ಲ ಪೀಠಿಕೆಯಲ್ಲಿ. ಇಷ್ಟೂ ಭಾಗಗಳನ್ನು ಒಂದಕ್ಕೊಂದು ಬೆಸೆಯುವುದು ಆ ಒಂದೇ ಅಂಕಿ. ಕಾಲವು ನಿಶ್ಚಯವಾಗಿ ತಿಳಿಯದೆಡೆಯಲ್ಲಿ ಇಸವಿಯ ಪಕ್ಕಕ್ಕೆ ಪ್ರಶ್ನಾರ್ಥಕ ಚಿಹ್ನೆ. ತಿಳಿದದ್ದು, ಊಹಿಸಿದ್ದು ಇವೆರಡರ ನಡುವೆ ಗೆರೆಯೆಳೆಯುವ ಈ ಪುಟ್ಟ ಚಿಹ್ನೆ ದೊಡ್ಡ ಪ್ರಾಮಾಣಿಕತೆಯ ಗುರುತು.

ಈ ಏರ್ಪಾಡಿನ ಬೆಲೆ ವಿವಾದ ಬಂದಾಗ ತಿಳಿಯಿತು. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ಎಂಬ ಮಹಾವಿದ್ವಾಂಸರು ವಾದಿಸಿದರು. ರೈಸರು ಅವುಗಳ ಪಕ್ಷವನ್ನು ಹಿಡಿದರು. ವಾದ ವರ್ಷಗಟ್ಟಲೆ ನಡೆಯಿತು. ಮುಂದಿನ ವಿದ್ವಾಂಸರು ಕೆಲವನ್ನು ಒಪ್ಪಿದರು, ಕೆಲವನ್ನು ತಳ್ಳಿದರು. ಆದರೆ ತೀರ್ಪು ಯಾವ ಕಡೆಗೆ ವಾಲಿದರೂ ಮೂಲಪಾಠ ಕದಲಲಿಲ್ಲ. ಅಭಿಪ್ರಾಯವನ್ನು ಪಾಠದೊಳಗೆ ಬೆರೆಸಿದ್ದರೆ, ಒಂದು ಬಿದ್ದಾಗ ಇನ್ನೊಂದೂ ಬೀಳುತ್ತಿತ್ತು. ತಮ್ಮನ್ನು ಅಲ್ಲಗಳೆಯುವವರ ಕೈಗೂ ರೈಸರು ಸಾಮಗ್ರಿಯನ್ನು ಒದಗಿಸಿದ್ದರು.

ಏರ್ಪಾಡಿನಲ್ಲಿ ಒಂದು ಕುಂದೂ ಇತ್ತು. ಅಂಕಿಯನ್ನು ತಾಲ್ಲೂಕಿನ ಹೆಸರಿಗೆ ಕಟ್ಟಿದ್ದರು. ತಾಲ್ಲೂಕೋ ಸರ್ಕಾರದ ಆಜ್ಞೆಗೆ ಒಳಪಟ್ಟದ್ದು. ತಿಪಟೂರು ತಾಲ್ಲೂಕಿಗೇ ಮೊದಲು ಹೊನ್ನವಳ್ಳಿ ತಾಲ್ಲೂಕೆಂದು ಹೆಸರಿತ್ತು. ತುರುವೇಕೆರೆ ಆಗ ತಿಪಟೂರಿಗೆ ಸೇರಿದ ಉಪತಾಲ್ಲೂಕು. ಆದುದರಿಂದ ಅಲ್ಲಿಯ ಶಾಸನಗಳೆಲ್ಲ ತಿಪಟೂರಿನ ಲೆಕ್ಕದಲ್ಲಿವೆ. ಇಂದು ತುರುವೇಕೆರೆ ತಾನೇ ಒಂದು ತಾಲ್ಲೂಕು. ಕಲ್ಲು ಇದ್ದಲ್ಲಿಯೇ ಇದೆ, ಅದರ ವಿಳಾಸ ಮಾತ್ರ ಹಳೆಯದಾಯಿತು. ಹೊಸ ಶಾಸನಗಳು ದೊರೆತಾಗಲೂ ಇಂಥದೇ ತೊಡಕು. ಶ್ರವಣಬೆಳಗೊಳದ ಸಂಪುಟದಲ್ಲಿ ರೈಸರು 1889ರಲ್ಲಿ ಕೊಟ್ಟ ಶಾಸನಗಳು 144. ಅವರ ಉತ್ತರಾಧಿಕಾರಿ ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಮತ್ತೆ ಹೊರತಂದಾಗ 573. ಅಂಕಿಗಳು ಬದಲಾದುವು. ಹಳೆಯ ಅಂಕಿಗೆ ಹೊಸ ಅಂಕಿ ಯಾವುದೆಂದು ಹೊಂದಿಸಿ ತೋರಿಸದಿದ್ದರೆ ಹಿಂದಿನ ವಿದ್ವಾಂಸರ ಬರಹಗಳೆಲ್ಲ ದಿಕ್ಕಿಲ್ಲದಂತಾಗುತ್ತಿದ್ದುವು.

ಈ ಹಳೆಯ ಲೆಕ್ಕದ ವಿಚಾರ ಇತಿಹಾಸದ ವಿದ್ಯಾರ್ಥಿಗಳಿಗಷ್ಟೇ ಮೀಸಲೆಂದು ತಿಳಿಯಬೇಕಾಗಿಲ್ಲ. ತೆಂಗಿನ ಮರವೂ ತನ್ನೊಳಗೆ ಒಂದು ಶಾಸನವನ್ನು ಹೊತ್ತಿದೆ. ಅದರ ಜೀವಕೋಶದ 16 ಜೊತೆ ವರ್ಣತಂತುಗಳಲ್ಲಿ ನಾಲ್ಕೇ ರಾಸಾಯನಿಕ ಅಕ್ಷರಗಳ ಬರಹವುಂಟು. ಹಳೆಯ ಕಲ್ಲುಬರಹದಂತೆ ಅಲ್ಲಿಯೂ ಪದಗಳ ನಡುವೆ ತೆರಪಿಲ್ಲ. ಚೀನಾ ದೇಶದ ವಿಜ್ಞಾನಿಗಳು ಹೈನಾನ್ ದ್ವೀಪದ ಎತ್ತರ ತಳಿಯ ತೆಂಗಿನ ಬರಹವನ್ನು ಓದಿ 2017ರಲ್ಲಿ ಪ್ರಕಟಿಸಿದರು. ಅದರಲ್ಲಿ ಸುಮಾರು 28,000 ಜೀನುಗಳಿರಬಹುದೆಂದು ಗಣಿಸಿದರು. ಒಂದೊಂದು ಜೀನು ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆ, ಅದರ ಕೆಲಸವೇನು ಎಂದು ಗುರುತು ಹಾಕುವುದೇ ಜೀನುಗಳ ಟಿಪ್ಪಣಿ. ಆ ಟಿಪ್ಪಣಿಗಳನ್ನು ಕಂಪ್ಯೂಟರಿನ ಕೋಷ್ಟಕಗಳಲ್ಲಿ ಹೇಗೆ ಅಳವಡಿಸಬೇಕೆಂಬುದು ಇಂದಿನ ವಿಜ್ಞಾನದ ಒಂದು ಮುಖ್ಯ ಪ್ರಶ್ನೆ.

ಅಲ್ಲಿಯೂ ಬಲ್ಲವರು ಅನುಸರಿಸುವ ಕ್ರಮ ರೈಸರ ಸಂಪುಟಗಳನ್ನು ನೆನಪಿಗೆ ತರುತ್ತದೆ. ಮೂಲ ಅಕ್ಷರಮಾಲೆಗೆ ಒಂದು ಕೋಷ್ಟಕ. ಜೀನಿನ ತಾಣಕ್ಕೆ ಬೇರೊಂದು. ಅದರ ಕೆಲಸವೇನೆಂಬ ಅಭಿಪ್ರಾಯಕ್ಕೆ ಮತ್ತೊಂದು. ಒಂದು ಜೀನಿಗೆ ಹಲವು ಕೆಲಸ, ಒಂದು ಕೆಲಸಕ್ಕೆ ಹಲವು ಜೀನು ಇರುವುದರಿಂದ ಇವನ್ನು ಒಂದೇ ಸಾಲಿನಲ್ಲಿ ತುರುಕಲಾಗದು. ಎಲ್ಲವನ್ನೂ ಬೆಸೆಯಲು ಒಂದು ಅಂಕಿ. ಆ ಅಂಕಿ ತಾಣವನ್ನಾಗಲಿ ಗುಣವನ್ನಾಗಲಿ ಸೂಚಿಸದ ಬರಿಯ ಅಂಕಿಯಾಗಿದ್ದರೆ ಲೇಸು. ತಾಣದ ಎಣಿಕೆ ಮುಂದಿನ ಪರಿಷ್ಕರಣದಲ್ಲಿ ಬದಲಾಗಬಹುದು, ತಾಲ್ಲೂಕಿನ ಎಲ್ಲೆಯಂತೆ. ಒಮ್ಮೆ ಕೊಟ್ಟ ಅಂಕಿಯನ್ನು ಇನ್ನೊಂದು ಜೀನಿಗೆ ಕೊಡಬಾರದು. ಹಳತು ಹೊಸತುಗಳ ಹೊಂದಾಣಿಕೆಯ ಪಟ್ಟಿ ಇರಬೇಕು. ಮೇಲಾಗಿ, ಪ್ರತಿಯೊಂದು ಅಭಿಪ್ರಾಯದ ಪಕ್ಕದಲ್ಲಿ ಅದರ ಆಧಾರ ಬೇಕು: ಪ್ರಯೋಗದಿಂದ ತಿಳಿದದ್ದೋ, ಬೇರೆ ಜೀವಿಯ ಜೀನಿನ ಹೋಲಿಕೆಯಿಂದ ಯಂತ್ರವು ಊಹಿಸಿದ್ದೋ. 1998ರಲ್ಲಿ ಆರಂಭವಾದ ‘ಜೀನ್ ಆಂಟಾಲಜಿ’ ಎಂಬ ಅಂತರರಾಷ್ಟ್ರೀಯ ಯೋಜನೆ ಇಂಥ ಆಧಾರಗಳಿಗೆ ಗೊತ್ತಾದ ಸಂಕೇತಗಳನ್ನೇ ಬಳಸುತ್ತದೆ. ಆ ಸಂಕೇತವಿಲ್ಲದೆ ಹೋದರೆ ಒಬ್ಬರ ಊಹೆ ಮತ್ತೊಬ್ಬರ ಕೋಷ್ಟಕದಲ್ಲಿ ಸತ್ಯವಾಗಿ ಕುಳಿತುಬಿಡುತ್ತದೆ. ರೈಸರ ಪ್ರಶ್ನಾರ್ಥಕ ಚಿಹ್ನೆ ಮಾಡುತ್ತಿದ್ದ ಕೆಲಸವೂ ಇದೇ.

ರೈಸರ ಸೇವೆ ಶಾಸನಗಳಿಗೆ ಮುಗಿಯಲಿಲ್ಲ. ಮೈಸೂರು ಗ್ಯಾಸೆಟಿಯರನ್ನು ರಚಿಸಿದರು. 1892ರಲ್ಲಿ ಮೊಳಕಾಲ್ಮೂರು ಸೀಮೆಯ ಅಶೋಕನ ಶಾಸನಗಳನ್ನು ಬೆಳಕಿಗೆ ತಂದು, ಮೌರ್ಯರ ಆಜ್ಞೆ ಕನ್ನಡನಾಡಿನವರೆಗೆ ಹಬ್ಬಿತ್ತೆಂದು ಲೋಕಕ್ಕೆ ತೋರಿಸಿದರು. ‘ಬಿಬ್ಲಿಯೋಥೆಕ ಕರ್ನಾಟಿಕ’ ಗ್ರಂಥಮಾಲೆಯಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನ, ಪಂಪಭಾರತ ಮೊದಲಾದ ಕೃತಿಗಳನ್ನು ಅಚ್ಚು ಮಾಡಿಸಿದರು. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿಯೂ ಸುಮ್ಮನಿರದೆ, ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗುಗಳ ಚರಿತ್ರೆಯನ್ನು ಬರೆದು 1909ರಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು, 90 ತುಂಬಲು ಒಂದು ವಾರವಿರುವಾಗ, ಹ್ಯಾರೋ ಪಟ್ಟಣದಲ್ಲಿ ಕಣ್ಮುಚ್ಚಿದರು. ಕನ್ನಡಿಗರು ಅವರನ್ನು ಶಾಸನ ಪಿತಾಮಹರೆಂದು ಗೌರವಿಸುತ್ತ ಬಂದಿದ್ದಾರೆ.

ರೈಸರು ಕಂಡ ಅರ್ಥಗಳಲ್ಲಿ ಹಲವನ್ನು ಅನಂತರದವರು ತಿದ್ದಿದ್ದಾರೆ. ಗೊತ್ತುಮಾಡಿದ ಕಾಲಗಳಲ್ಲಿ ಕೆಲವು ಹಿಂದುಮುಂದಾಗಿವೆ. ತಿದ್ದುವವರಿಗೆ ದಾರಿಯನ್ನು ತೆರೆದಿಟ್ಟು ಹೋದದ್ದೇ ಅವರ ಹಿರಿಮೆ. ಕಲ್ಲಿನ ಬರಹವನ್ನಾಗಲಿ ತೆಂಗಿನೊಳಗಣ ಬರಹವನ್ನಾಗಲಿ ಒಂದೇ ತಲೆಮಾರು ಓದಿ ಮುಗಿಸಲಾರದು. ಮೊದಲ ತಲೆಮಾರು ಪಾಠವನ್ನು ಶುದ್ಧವಾಗಿಟ್ಟು, ತನ್ನ ಅಭಿಪ್ರಾಯವನ್ನು ಬೇರೆಯಾಗಿರಿಸಿ, ಸಂದೇಹವಿದ್ದೆಡೆ ಸಂದೇಹವೆಂದೇ ಗುರುತು ಹಾಕಿದರೆ ಸಾಕು. ಉಳಿದದ್ದನ್ನು ಮುಂದಿನವರು ನೋಡಿಕೊಳ್ಳುತ್ತಾರೆ.