ಸಂತ ಶಿಶುನಾಳ ಶರೀಫರು: ಮನಸ್ಸಿಟ್ಟು ಹಾಜರಿದ್ದ ಮಾಸ್ತರರು

ಶಿಕ್ಷಕರಾದ ನಾವು ದಿನವೂ ಹಾಜರಿ ಕರೆಯುತ್ತೇವೆ. ಎದ್ದು ನಿಂತು ಹಾಜರಿ ಹೇಳಿದ ಎಷ್ಟೋ ಮಕ್ಕಳ ಮನಸ್ಸು ಮಾತ್ರ ಗೈರುಹಾಜರಾಗಿರುತ್ತದೆ. (ಕೆಲವೊಮ್ಮೆ ಶಿಕ್ಷಕರದ್ದೂ ಹಾಗೆಯೇ!) ಕಣ್ಣೆದುರಿನ ಬದುಕಿಗೆ ಪೂರ್ತಿ ಹಾಜರಾಗಿದ್ದ ಒಬ್ಬ ಮಾಸ್ತರರ ಕಥೆ ಇದು.

ಅರಸೀಕೆರೆಯಿಂದ ಹುಬ್ಬಳ್ಳಿ ಕಡೆಯ ರೈಲು ಹತ್ತಿದರೆ ದಾರಿಯಲ್ಲಿ ಹಾವೇರಿ ಸಿಗುತ್ತದೆ. ಆ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಶರೀಫರು ಜನಿಸಿದರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರ್‌ಶಾ ವಲಿಯವರಲ್ಲಿ ಆ ಮನೆಯವರಿಗೆ ಅಪಾರ ಭಕ್ತಿ. ಶರೀಫರು ಮುಲ್ಕಿ ಪರೀಕ್ಷೆ ಪಾಸು ಮಾಡಿ ಕನ್ನಡ ಶಾಲೆಯ ಮಾಸ್ತರರಾದರು. ಆದರೆ ಮನಸ್ಸು ಅಲ್ಲಿ ನಿಲ್ಲದೆ ಕೆಲಸ ಬಿಟ್ಟರು. ಬಿ.ಎಡ್. ಮುಗಿಸಿ ನೌಕರಿಗಾಗಿ ಕಾದವರಿಗೆ ಇದು ಸುಲಭವಾಗಿ ಅರ್ಥವಾಗುವ ಮಾತಲ್ಲ. ನನಗೂ ಆಗಿರಲಿಲ್ಲ.

ಅವರಿಗೆ ಗುರುವಾಗಿ ದೊರೆತವರು ಕಳಸದ ಗೋವಿಂದ ಭಟ್ಟರು. (ನಮ್ಮ ಮಲೆನಾಡಿನ ಕಳಸವಲ್ಲ, ಕುಂದಗೋಳ ತಾಲ್ಲೂಕಿನದು.) ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ. ಗುರುಗಳು ತಮ್ಮ ಜನಿವಾರವನ್ನೇ ಶಿಷ್ಯನಿಗೆ ತೊಡಿಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಎರಡೂ ಕಡೆಯವರು ಆಕ್ಷೇಪಿಸಿದರೂ ಇಬ್ಬರ ಸ್ನೇಹ ಕದಲಲಿಲ್ಲ.

ಹಳೆಯ ಚೀನಾದಲ್ಲಿ ಚುವಾಂಗ್‌ತ್ಸು ಎಂಬ ಜ್ಞಾನಿಯಿದ್ದರು. ಸಹಜವಾಗಿ, ಸರಳವಾಗಿ ಬಾಳುವುದನ್ನು ಅವರು ಕಟುಕನ ಕೈಚಳಕ, ಗಾಲಿ ಮಾಡುವ ಬಡಗಿಯ ಕೆಲಸ ಇವುಗಳ ಮೂಲಕ ತಿಳಿಸಿದರು. ಶರೀಫರು ಆ ಹೆಸರನ್ನೇ ಕೇಳಿರಲಾರರು. ಆದರೂ ಅವರ ತತ್ವಪದಗಳಲ್ಲಿ ಬರುವುದು ಮಳೆಗೆ ಸೋರುವ ಮನೆ, ಸೇದುವ ಗುಡುಗುಡಿ, ಊರಿನ ತೇರು. ಹತ್ತಿಯ ಗಿರಣಿ ಹೊಸದಾಗಿ ಬಂದಾಗ ಅದನ್ನೂ ಬೆರಗಿನಿಂದ ನೋಡಿ ಪದ ಕಟ್ಟಿದರು. ಎದುರಿಗಿದ್ದುದನ್ನು ಅವರು ನಿಂತು ನೋಡುತ್ತಿದ್ದರು, ಅಷ್ಟೇ. ಹಳೇಬೀಡಿನ ಗೋಡೆಯ ಆನೆಸಾಲನ್ನು ಐದು ನಿಮಿಷದಲ್ಲಿ ನೋಡಿ ಮುಗಿಸಿ ಬಸ್ಸಿಗೆ ಓಡುವ ನಮ್ಮ ಶಾಲಾ ಪ್ರವಾಸಗಳು ನನಗೆ ನೆನಪಾಗುತ್ತವೆ.

ಈ ಸರಳತೆ ಅವರಿಗೆ ಸುಖವನ್ನೇನೂ ತರಲಿಲ್ಲ. ಪತ್ನಿ ಫಾತಿಮಾ ಬೇಗನೆ ತೀರಿಕೊಂಡರು. ಬಡತನ ಕೊನೆಯವರೆಗೂ ಬಿಡಲಿಲ್ಲ. ಆದರೂ ಮನೆಯಲ್ಲಿ ಸೋರುವ ನೀರನ್ನು ಕಂಡವರು ಅದನ್ನೇ ಪದವಾಗಿಸಿದರು. ಮೊಹರಂಗೆ ರಿವಾಯತ್ ಪದಗಳನ್ನು ಕಟ್ಟಿದರು. ಅವರ ಅಂಕಿತ ಮಾತ್ರ ಊರ ದೇವರಾದ ಶಿಶುನಾಳಾಧೀಶನದು.

1889ರಲ್ಲಿ ಶರೀಫರು ತೀರಿಕೊಂಡರು. ಶಿಶುನಾಳದ ಅವರ ಗದ್ದುಗೆಗೆ ಎರಡೂ ಸಮುದಾಯದವರು ನಡೆದುಕೊಳ್ಳುತ್ತಾರೆ. 1990ರಲ್ಲಿ ಟಿ.ಎಸ್. ನಾಗಾಭರಣ ಅವರು ಶರೀಫರ ಜೀವನವನ್ನು ಚಲನಚಿತ್ರ ಮಾಡಿದರು. ಸಿ. ಅಶ್ವತ್ಥ್ ಅವರ ದನಿಯಲ್ಲಿ ಆ ಪದಗಳು ಮನೆಮನೆ ತಲುಪಿದವು. ಅದಕ್ಕೂ ನೂರು ವರ್ಷ ಮೊದಲು ಅವನ್ನು ಉಳಿಸಿದವರು ಭಜನೆಯ ಮೇಳಗಳಲ್ಲಿ ಕುಳಿತು, ಕೇಳಿ, ಬಾಯಿಪಾಠ ಮಾಡಿಕೊಂಡ ಹಳ್ಳಿಯ ಜನ.